ಮುಂದೆ ಹೋಗುವ ಮಾತುಗಳು

"ಅಕ್ಕ, ನನಗೆ ಗ್ರಾಮರ್ ಎಲ್ಲ ಬೇಡ. ಮುಂದೆ ಹೋಗುವ ಮಾತುಗಳು ಉಂಟಲ್ಲ, ಅದಷ್ಟು ಕಲಿಸಿದ್ರೆ ಸಾಕು," ಎಂದು ಗುರುವಪ್ಪ ಮೊದಲನೇ ದಿನವೇ ಹೇಳಿಬಿಟ್ಟ.

ನಾನು ಮುಂಬಯಿ ಹತ್ತಿರದ ಬೇಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆಗಿದ್ದು ನಿವೃತ್ತಿಯಾದ ಮೇಲೆ, ವಾಶಿಯಲ್ಲಿ ತುಳು ಮಾತಾಡುವ ನಮ್ಮ ಕಡೆಯವರ ಸಂಘದ ಕೋಣೆಯಲ್ಲಿ ಇಂಗ್ಲಿಷ್ ಮಾತನಾಡಲು ಕಲಿಸುತ್ತಿದ್ದೆ. ಹೋಟೆಲಿನವರಿಗೆ ಪುರಸೊತ್ತು ಸಿಗುವುದು ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಮಾತ್ರ. ಆದ್ದರಿಂದ ತರಗತಿಯೂ ಆ ಹೊತ್ತಿಗೇ. ಬಂದವರಲ್ಲಿ ಅರ್ಧ ಜನ ಫ್ಯಾನಿನ ಕೆಳಗೆ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಿದವರನ್ನು ಎಬ್ಬಿಸಿ ವರ್ತಮಾನ ಕಾಲ, ಭೂತ ಕಾಲ ಎನ್ನಲು ನನಗೆ ಮನಸ್ಸಾಗುತ್ತಿರಲಿಲ್ಲ. ಸಂಘದವರು ನನಗೆ ಕೊಡುತ್ತಿದ್ದದ್ದು ಒಂದು ಲೋಟ ಚಹಾ. ಹಾಗಾಗಿ ಯಾರ ಮುಲಾಜೂ ಇರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳುವ ಸ್ವಾತಂತ್ರ್ಯವಿತ್ತು.

ಗುರುವಪ್ಪ ನಿದ್ದೆ ಮಾಡುತ್ತಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಐವತ್ತು ದಾಟಿದ ಮನುಷ್ಯ, ವಾಶಿಯ ಸಗಟು ಮಾರುಕಟ್ಟೆಯ ಹತ್ತಿರ ಇದ್ದ ಯಂಕಣ್ಣನವರ ಹೋಟೆಲಿನ ಮ್ಯಾನೇಜರು. ಹುಡುಗನಾಗಿದ್ದಾಗ ಅದೇ ಹೋಟೆಲಿನಲ್ಲಿ ಮೇಜು ಒರೆಸಲು ಸೇರಿದವನು. ಆಮೇಲೆ ಸಪ್ಲಾಯರ್, ಆಮೇಲೆ ಗಲ್ಲಾದ ಮೇಲೆ. ಮನೆ ಡೊಂಬಿವಲಿಯಲ್ಲಿ. ಹೆಂಡತಿ ವಿಮಲಾ, ಕಾಲೇಜಿಗೆ ಹೋಗುವ ಮಗಳು ಅಶ್ಮಿತಾ. ಮಗಳ ಹತ್ತಿರ ಇಂಗ್ಲಿಷ್ ಕಲಿಯಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ, "ಅವಳು ನಗಾಡ್ತಾಳೆ ಅಕ್ಕ. 'ಪಪ್ಪಾ, ರೆಹನೇ ದೋ', ಬಿಟ್ಬಿಡಿ ಅಂತಾಳೆ," ಎಂದ.

ಮುಂದೆ ಹೋಗುವ ಮಾತು ಎಂದರೆ ಏನೆಂದು ನನಗೆ ಮೊದಲು ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಯಂಕಣ್ಣನವರ ಮಗ ಸಮಿತ್ ಎಂಬಿಎ ಮುಗಿಸಿ ಬಂದವನು ತಿಂಗಳಿಗೊಮ್ಮೆ ಹೋಟೆಲಿನ ಮೇಲಿನ ಎಸಿ ಹಾಲಿನಲ್ಲಿ ಮೀಟಿಂಗ್ ಶುರುಮಾಡಿದ್ದನಂತೆ. ಬಿಳಿ ಬೋರ್ಡಿನ ಮೇಲೆ ಬಾಣ ಎಳೆದು, ಇದು ರೋಡ್‌ಮ್ಯಾಪ್, ಇದು ಮೈಲ್‌ಸ್ಟೋನ್, ವೀ ಆರ್ ಆನ್ ಟ್ರ್ಯಾಕ್ ಎಂದೆಲ್ಲ ಹೇಳುತ್ತಿದ್ದನಂತೆ. ಅಡುಗೆಯ ಭಟ್ಟರು, ಸಪ್ಲಾಯರುಗಳು ತಲೆಯಾಡಿಸುತ್ತಿದ್ದರು. ಗುರುವಪ್ಪನಿಗೆ ಮಾತ್ರ ಆ ಬಾಣಗಳು ತಲೆಯೊಳಗೆ ಕೂತುಬಿಟ್ಟವು. ಹೋಟೆಲಿನ ಮುಂದಿನ ಮಾತುಕತೆ ಆ ಭಾಷೆಯಲ್ಲೇ ನಡೆಯುತ್ತದೆ ಎಂದು ಅವನಿಗೆ ಅರ್ಥವಾಗಿತ್ತು, ಅದು ತಪ್ಪೂ ಆಗಿರಲಿಲ್ಲ.

ಅವನಿಗೆ ಬೇಕಾದದ್ದು ಏನು ಎಂಬುದು ಗುಟ್ಟೇನೂ ಅಲ್ಲ. ಮುಂಬಯಿ ಕಡೆಯ ನಮ್ಮ ಹೋಟೆಲಿನವರಲ್ಲಿ ಕಂಡಕ್ಟಿಂಗ್ ಎಂಬ ಪದ್ಧತಿ ಉಂಟು. ಹೋಟೆಲು ಧಣಿಯದ್ದೇ, ನಡೆಸುವವನು ಬೇರೆ. ತಿಂಗಳಿಗೆ ಇಷ್ಟು ಎಂದು ಧಣಿಗೆ ಮುಟ್ಟಿಸಿದರೆ ಉಳಿದ ಲಾಭ, ನಷ್ಟ, ತಲೆನೋವು ಎಲ್ಲ ನಡೆಸುವವನದ್ದು. ಮೇಜು ಒರೆಸಿದವನು ಒಂದು ದಿನ ಕಂಡಕ್ಟಿಂಗ್ ಹಿಡಿದರೆ ಅವನ ಜನ್ಮ ಸಾರ್ಥಕವಾದಂತೆ. ಯಂಕಣ್ಣನವರು ಕಲ್ಯಾಣದಲ್ಲಿ ಹೊಸದಾಗಿ ದೊಡ್ಡ ಹೋಟೆಲು ಹಾಕುವವರಿದ್ದರು. ವಾಶಿಯ ಹಳೆಯದನ್ನು ಯಾರಿಗಾದರೂ ಕೊಡಲೇಬೇಕು. ಗುರುವಪ್ಪನಿಗಲ್ಲದೆ ಇನ್ಯಾರಿಗೆ ಎಂದು ಮಾರುಕಟ್ಟೆಯ ಈರುಳ್ಳಿ ದಲಾಲಿಗಳೂ ಹೇಳುತ್ತಿದ್ದರು.

ಆದರೆ ಕೇಳುವ ಹಾಗಿಲ್ಲ. ಇದನ್ನು ನಮ್ಮವರಲ್ಲದವರಿಗೆ ತಿಳಿಸಿ ಹೇಳುವುದು ಕಷ್ಟ. ಹತ್ತಿಪ್ಪತ್ತು ವರ್ಷ ದುಡಿದವನು ಧಣಿಯ ಮುಂದೆ ನಿಂತು "ನನಗೆ ಕೊಡಿ" ಎಂದರೆ, "ನಿಮಗೆ ಕಣ್ಣಿಲ್ಲ" ಎಂದು ಹೇಳಿದ ಹಾಗೆ. ಧಣಿಯೇ ನೋಡಬೇಕು, ಧಣಿಯೇ ಕರೆಯಬೇಕು, ಒಂದು ದಿನ ಊಟದ ನಂತರ ಕೈತೊಳೆಯುವಾಗ "ಒಂದು ಒಳ್ಳೆಯ ದಿನ ನೋಡುವ ಮಾರಾಯ" ಎನ್ನಬೇಕು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ. ಈ ಮರ್ಯಾದೆಯನ್ನು ಯಾರು ಮಾಡಿದರೋ ನನಗೆ ಗೊತ್ತಿಲ್ಲ. ಧಣಿಗಳ ಪೈಕಿಯವರೇ ಇರಬೇಕು. ಗುರುವಪ್ಪ ಮಾತ್ರ ಅದನ್ನು ದೈವದ ಕಟ್ಟಳೆಯಂತೆ ಪಾಲಿಸಿಕೊಂಡು ಬಂದಿದ್ದ.

ನಾನು ಕಲಿಸಿದೆ. ಸ್ಟೆಪಿಂಗ್ ಸ್ಟೋನ್, ಪೇವ್ ದ ವೇ, ನೆಕ್ಸ್ಟ್ ಸ್ಟೆಪ್, ದ ವೇ ಫಾರ್ವರ್ಡ್. ಗುರುವಪ್ಪ ಅವನ್ನು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವನ ಹಾಗೆ ಚೀಪುತ್ತಿದ್ದ. ಮರುದಿನ ಹೋಟೆಲಿನಲ್ಲಿ ಪ್ರಯೋಗ. ಮುಸುರೆ ತೊಳೆಯಲು ಮುಖ ಸಿಂಡರಿಸಿದವನಿಗೆ ಇದು ನಿನ್ನ ಸ್ಟೆಪಿಂಗ್ ಸ್ಟೋನ್ ಎಂದನಂತೆ. ಇಡ್ಲಿ ತಡವಾಯಿತು ಎಂದು ಕೂಗಾಡಿದ ಗಿರಾಕಿಗೆ "ಇಡ್ಲಿ ಈಸ್ ಆನ್ ಟ್ರ್ಯಾಕ್ ಸರ್" ಎಂದಾಗ ಆತ ನಕ್ಕು ಇನ್ನೊಂದು ಕಾಫಿ ಹೇಳಿದನಂತೆ. ತರಗತಿಯಲ್ಲಿ ಇದನ್ನೆಲ್ಲ ವರದಿ ಮಾಡುವಾಗ ಅವನಿಗೆ ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿತ್ತು. ನನಗೂ ನಗು ಬರುತ್ತಿತ್ತು, ಅವನ ಮೇಲೆ ಪ್ರೀತಿಯೂ ಬರುತ್ತಿತ್ತು.

ಒಂದು ದಿನ ಉಳಿದವರು ಹೋದ ಮೇಲೆ ಅವನು ಬಾಗಿಲ ಹತ್ತಿರ ನಿಂತು ಹೇಳಿದ: "ಅಕ್ಕ, ಒಂದು ವಿಷಯ ಗಮನಿಸಿದ್ರಾ? ಇದರಲ್ಲಿ 'ನನಗೆ ಕೊಡಿ' ಅಂತ ಎಲ್ಲಿಯೂ ಇಲ್ಲ. ಆದ್ರೂ ಕೇಳಿದ ಹಾಗೆ ಆಗ್ತದೆ ಅಲ್ವಾ?"

"ಯಾರ ಹತ್ರ ಕೇಳ್ಲಿಕ್ಕೆ ಉಂಟು ನಿಮಗೆ?" ಎಂದೆ, ಗೊತ್ತಿದ್ದೂ.

"ಧಣಿ ಹತ್ರ ಅಲ್ಲಪ್ಪ!" ಎಂದು ಅವನು ನಾಲಗೆ ಕಚ್ಚಿಕೊಂಡ. "ತುಳುವಿನಲ್ಲಿ ನನ್ನ ಬಾಯಿ ಏಳುದಿಲ್ಲ. ಸಮಿತ್ ಹತ್ರ ಕೇಳುವ ಅಂತ. ಇಂಗ್ಲಿಷಲ್ಲಿ. ಅವನದ್ದು ಹೇಗೂ ತುಳುವಿನಲ್ಲಿ ಕೇಳಿದ್ರೆ ಹಿಂದಿಯಲ್ಲಿ ಉತ್ತರ."

ಮುಂದಿನ ವಾರ ಅವನು ಬಂದದ್ದೇ ಪೇಡೆಯ ಪೊಟ್ಟಣ ಹಿಡಿದುಕೊಂಡು. ಕೇಳಿಯೇ ಬಿಟ್ಟಿದ್ದ. ಮೀಟಿಂಗ್ ಮುಗಿದ ಮೇಲೆ ಸಮಿತ್ ಬೋರ್ಡು ಒರೆಸುತ್ತಿದ್ದಾಗ ಹತ್ತಿರ ಹೋಗಿ, "ಸರ್, ಫಾರ್ ವಾಶಿ ಹೋಟೆಲ್, ವಾಟ್ ಈಸ್ ದ ವೇ ಫಾರ್ವರ್ಡ್? ಐ ಯಾಮ್ ರೆಡಿ ಫಾರ್ ನೆಕ್ಸ್ಟ್ ಸ್ಟೆಪ್" ಎಂದನಂತೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತು, ತಪ್ಪಿರಲಿಲ್ಲ. ಸಮಿತ್ ಆಶ್ಚರ್ಯಪಟ್ಟು, ಅವನ ಭುಜ ತಟ್ಟಿ, ವಾವ್ ಅಂಕಲ್ ಎಂದನಂತೆ.

"ಆಮೇಲೆ ಎಂತ ಹೇಳಿದ?" ಎಂದು ಕೇಳಿದೆ.

ಗುರುವಪ್ಪ ಕಣ್ಣು ಮುಚ್ಚಿ ಒಂದಕ್ಷರ ಬಿಡದೆ ಒಪ್ಪಿಸಿದ. "ಯೂ ಆರ್ ಡೆಫಿನೆಟ್ಲಿ ಪಾರ್ಟ್ ಆಫ್ ದ ಜರ್ನಿ ಅಂಕಲ್. ಇಟ್ಸ್ ಆನ್ ದ ರೋಡ್‌ಮ್ಯಾಪ್. ಡೌನ್ ದ ಲೈನ್ ವೀ ವಿಲ್ ಟೇಕ್ ಇಟ್ ಫಾರ್ವರ್ಡ್."

ನಾನು ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡೆ. ಮೂವತ್ತಕ್ಕೂ ಹೆಚ್ಚು ವರ್ಷ ಇಂಥ ಮಾತುಗಳನ್ನೇ ಟೈಪ್ ಮಾಡಿದವಳು ನಾನು. ನಿಮ್ಮ ಕೋರಿಕೆ ಪ್ರಗತಿಯಲ್ಲಿದೆ, ಮುಂದಿನ ಹಂತಕ್ಕೆ ಕಳುಹಿಸಲಾಗಿದೆ, ಸಕ್ರಿಯವಾಗಿ ಪರಿಶೀಲಿಸಲಾಗುತ್ತಿದೆ. ಆ ಪತ್ರಗಳನ್ನು ಎದೆಗೆ ಒತ್ತಿಕೊಂಡು ಲಿಫ್ಟಿನಿಂದ ಇಳಿದು ಹೋದವರು ಮತ್ತೆ ಮತ್ತೆ ಅದೇ ಲಿಫ್ಟು ಹತ್ತಿ ಬರುವುದನ್ನು ನೋಡಿದ್ದೇನೆ. ಇಂಥ ಮಾತಿನಲ್ಲಿ ದಾರಿ ಎಷ್ಟು ಬೇಕಾದರೂ ಸಿಗುತ್ತದೆ, ಮುಟ್ಟುವ ಜಾಗದ ಹೆಸರು ಮಾತ್ರ ಇರುವುದಿಲ್ಲ.

"ಯಾವಾಗ ಅಂತ ಹೇಳಿದ್ನಾ?" ಎಂದೆ.

"ಡೌನ್ ದ ಲೈನ್."

"ಅದು ತಾರೀಕಲ್ಲ ಗುರುವಪ್ಪ. ನಮ್ಮ ಆಫೀಸಲ್ಲಿ ಇಲ್ಲ ಅನ್ಲಿಕ್ಕೆ ನಾಚಿಕೆ ಆದಾಗ ಹೀಗೆ ಬರೀತಿದ್ರು. ಸರಿಯಾಗಿ ಇನ್ನೊಮ್ಮೆ ಕೇಳಿ."

ಅವನು ನಕ್ಕುಬಿಟ್ಟ. "ಅದು ಸರ್ಕಾರ ಅಕ್ಕ. ಇದು ನಮ್ಮ ಸಮಿತ್. ನಮ್ಮ ಹೋಟೆಲಿನ ಉಪ್ಪಿಟ್ಟು ತಿಂದು ಶಾಲೆಗೆ ಹೋದವನು. ತಿನ್ನಿ, ಪೇಡೆ ತಿನ್ನಿ."

ಯಂಕಣ್ಣನವರು ತುಳುವಿನಲ್ಲಿ "ನೋಡುವ" ಎಂದಿದ್ದರೆ ಗುರುವಪ್ಪ ಮೋಸ ಹೋಗುತ್ತಿರಲಿಲ್ಲ. ಆ ಒಂದು ಮಾತು ಧಣಿಯ ಬಾಯಿಂದ ಯಾವ ಬಗೆಯಲ್ಲಿ ಬಂತು, ಕಣ್ಣು ಎತ್ತ ಇತ್ತು, ಕೈಯಲ್ಲಿ ಪೇಪರು ಇತ್ತೋ ಇಲ್ಲವೋ ಎಂಬುದರ ಮೇಲೆ ಅವನು ಹೌದು, ಇಲ್ಲಗಳನ್ನು ಹೇಳಬಲ್ಲವನಾಗಿದ್ದ. ಇಂಗ್ಲಿಷಿನಲ್ಲಿ ಅವನಿಗೆ ಶಬ್ದಗಳು ಗೊತ್ತಿದ್ದವು, ಮುಖ ಓದಲು ಗೊತ್ತಿರಲಿಲ್ಲ. ಭುಜ ತಟ್ಟಿದ್ದನ್ನು ಅವನು ಮಾತು ಕೊಟ್ಟದ್ದೆಂದು ತಿಳಿದ.

ಮಾತು ಸಿಕ್ಕಿತು ಎಂದಮೇಲೆ ನಮ್ಮವರು ಮಾಡುವ ಮೊದಲ ಕೆಲಸ ಭಟ್ಟನನ್ನು ಗೊತ್ತುಮಾಡುವುದು. ಹೋಟೆಲಿನ ಹೆಸರು ನಿಲ್ಲುವುದು ದೋಸೆ ಹೊಯ್ಯುವವನ ಕೈಯಲ್ಲಿ. ಒಳ್ಳೆಯ ಭಟ್ಟ ಖಾಲಿ ಕೂತಿರುವುದಿಲ್ಲ, ಬೇರೆ ಕಡೆಯಿಂದ ಎಬ್ಬಿಸಿಯೇ ತರಬೇಕು. ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಿಟ್ಟು ಎಂಬ ಭಟ್ಟನಿದ್ದ, ಗುರುವಪ್ಪನ ಊರಿನ ಕಡೆಯವನೇ. ಗುರುವಪ್ಪ ವೀಳ್ಯದೆಲೆ ಅಡಿಕೆ ತೆಗೆದುಕೊಂಡು ಹೋಗಿ ಅವನ ಕೈಯಲ್ಲಿಟ್ಟ. ಎಲೆ ಅಡಿಕೆ ಹಿಡಿದ ಮೇಲೆ ಭಟ್ಟ ಹಿಂದೆ ಸರಿಯುವಂತಿಲ್ಲ, ಕೊಟ್ಟವನೂ ಅಷ್ಟೆ. ಕಿಟ್ಟು ಕ್ಯಾಂಟೀನು ಬಿಟ್ಟು, ಅವರು ಕೊಟ್ಟಿದ್ದ ಕೋಣೆಯನ್ನೂ ಬಿಟ್ಟು, ಡೊಂಬಿವಲಿಯಲ್ಲಿ ಗುರುವಪ್ಪನ ಮನೆಯ ಹೊರಗಿನ ಕೋಣೆಯಲ್ಲಿ ಹಾಸಿಗೆ ಬಿಚ್ಚಿದ. ವಿಮಲಾ ಅಕ್ಕಿ ಸ್ವಲ್ಪ ಜಾಸ್ತಿ ಹಾಕಿದಳಂತೆ.

ನನಗೆ ಇದು ಗೊತ್ತಾದಾಗ ತಡವಾಗಿತ್ತು. "ನಿಮಗೆ ತಲೆ ಕೆಟ್ಟಿದೆಯಾ?" ಎಂದು ತರಗತಿಯಲ್ಲಿ ಎಲ್ಲರ ಮುಂದೆಯೇ ಗದರಿಸಿದೆ. ಮಲಗಿದ್ದವರೂ ಎದ್ದು ಕೂತರು. ಗುರುವಪ್ಪ ಸಮಾಧಾನದಿಂದಲೇ, "ಪೇವಿಂಗ್ ದ ವೇ ಅಕ್ಕ," ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಒಂದು ಬೆಳಗ್ಗೆ ಹೋಟೆಲಿಗೆ ಇಬ್ಬರು ಅಳತೆಯ ಟೇಪು ಹಿಡಿದುಕೊಂಡು ಬಂದರು. ಠಾಣೆಯಿಂದ ಬಂದವರು, ಸಮಿತ್ ಕಳುಹಿಸಿದ್ದು ಎಂದರು. ಹೋಟೆಲು ಹೊಸದು ಮಾಡಿಸಿಕೊಡುತ್ತಿದ್ದಾರೆ ಎಂದು ಗುರುವಪ್ಪನಿಗೆ ಸಂಭ್ರಮ. ಗಿರಾಕಿಗಳನ್ನು ಆಚೆ ಈಚೆ ಸರಿಸಿ, ತಾನೇ ಟೇಪಿನ ಒಂದು ತುದಿ ಹಿಡಿದುಕೊಂಡು ಗೋಡೆಯಿಂದ ಗೋಡೆಗೆ ಓಡಾಡಿದ. ಅವರಿಗೆ ಮಸಾಲೆ ದೋಸೆ ತರಿಸಿದ. ಗಲ್ಲಾವನ್ನು ಸ್ವಲ್ಪ ಬಾಗಿಲ ಕಡೆಗೆ ತಂದರೆ ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟ. ದೋಸೆ ತಿನ್ನುತ್ತಿದ್ದವನು ತಲೆ ಎತ್ತಿ, "ಗಲ್ಲಾ? ಯಹಾಂ ತೋ ಮೊಬೈಲ್ ಕಾ ಶೋರೂಮ್ ಬನ್ ರಹಾ ಹೈ ಸೇಟ್. ಕಿಚನ್ ಪೂರಾ ತೋಡನಾ ಹೈ," ಎಂದ. ಅಡುಗೆಮನೆ ಪೂರ್ತಿ ಒಡೆದು ಮೊಬೈಲ್ ಅಂಗಡಿ ಮಾಡುವುದಂತೆ.

ಅಂದು ಮಧ್ಯಾಹ್ನ ತರಗತಿಗೆ ಮೊದಲೇ ಅವನು ನನ್ನ ಮನೆಗೆ ಬಂದ. ಕೂತುಕೊಳ್ಳಲಿಲ್ಲ. ನಡೆದದ್ದನ್ನು ಹೇಳಿ, "ಅಕ್ಕ, ಆ ಟೇಪಿನವನಿಗೆ ಸರಿ ಗೊತ್ತಿರ್ಲಿಕ್ಕಿಲ್ಲ," ಎಂದ. ಆಮೇಲೆ, "ಅಲ್ವಾ?" ಎಂದ. ಅವನು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ, "ಧಣಿ ಹತ್ರವೇ ಕೇಳ್ಬೇಕು. ನೀವು ಒಟ್ಟಿಗೆ ಬನ್ನಿ. ಸಮಿತ್ ಮನೆಯಲ್ಲಿದ್ರೆ ಇಂಗ್ಲಿಷ್ ಬರ್ತದೆ. ನನಗೆ ಇವತ್ತು ಇಂಗ್ಲಿಷ್ ತಲೆಗೆ ಹೋಗುದಿಲ್ಲ," ಎಂದ.

ಯಂಕಣ್ಣನವರ ಮನೆ ಅಲ್ಲೇ ಎರಡು ಸೆಕ್ಟರ್ ಆಚೆ. ತೀರಿಕೊಂಡ ನನ್ನ ಗಂಡ ಅವರ ಊರಿನವರೇ ಆದ್ದರಿಂದ ಹೋಗಿ ಬರುವ ಬಳಕೆಯಿತ್ತು. ಸಮಿತ್ ಕಲ್ಯಾಣಕ್ಕೆ ಹೋಗಿದ್ದ. ಯಂಕಣ್ಣನವರು ಸೋಫಾದ ಮೇಲೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕಾಲು ಚಾಚಿ ಕೂತಿದ್ದರು. ಅವರ ಹೆಂಡತಿ ಬಾಗಿಯಕ್ಕ ನಮಗೆ ಪುನರ್ಪುಳಿ ಶರಬತ್ತು ತಂದಿಟ್ಟು ಒಳಗೆ ಹೋದಳು. ಯೋಗಕ್ಷೇಮ, ಮೊಣಕಾಲು, ಕಲ್ಯಾಣದ ಸೇತುವೆಯ ಟ್ರಾಫಿಕ್ಕು ಎಲ್ಲ ಆಯಿತು. ಎಲ್ಲವೂ ತುಳುವಿನಲ್ಲೇ. ಯಂಕಣ್ಣನವರೂ ಗುರುವಪ್ಪನೂ ತಮ್ಮೊಳಗೆ ಬೇರೆ ಭಾಷೆಯಲ್ಲಿ ಮಾತನಾಡಿದ್ದನ್ನು ಯಾರೂ ಕೇಳಿರಲಿಕ್ಕಿಲ್ಲ.

ಆಮೇಲೆ ಗುರುವಪ್ಪ ಎದ್ದು ನಿಂತ.

"ಧಣಿ, ವಾಶಿ ಹೋಟೆಲು ನನಗೆ ನಡೆಸ್ಲಿಕ್ಕೆ ಕೊಡ್ತೀರಾ?"

ಇಷ್ಟೇ. ಸುತ್ತು ಬಳಸು ಇಲ್ಲ. ಒಳಗೆ ಪಾತ್ರೆಯ ಸದ್ದು ನಿಂತಿತು. ಯಂಕಣ್ಣನವರು ಎಣ್ಣೆಯ ಬಾಟಲಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಬಾಲ್ಕನಿಯ ಕಡೆ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಉತ್ತರ ಬೇಗ ಬರುತ್ತಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು, ಯಾವತ್ತೂ ಇಂಗ್ಲಿಷ್ ಮಾತನಾಡದ ಆ ಮುದುಕರು ಹೇಳಿದರು:

"ಅದು… ವೀ ಆರ್ ಗೆಟ್ಟಿಂಗ್ ದೇರ್, ಗುರುವಪ್ಪ. ವೀ ಆರ್ ಗೆಟ್ಟಿಂಗ್ ದೇರ್."

ಹತ್ತಿರ ಬರುತ್ತಿದ್ದೇವೆ ಎನ್ನುವ ಆ ಮಾತು ಮಗನಿಂದ ಕಲಿತದ್ದು. ಬಾಯಿಗೆ ಹೊಂದದೆ ತೊದಲಿತು. ಅದರ ಒಂದೊಂದು ಶಬ್ದವೂ ಗುರುವಪ್ಪನಿಗೆ ಗೊತ್ತಿತ್ತು, ನಾನೇ ಕಲಿಸಿದ್ದೆ. ಆದರೂ ಅವನು ನನ್ನ ಕಡೆ ತಿರುಗಿದ.

"ಧಣಿ ಎಂತ ಹೇಳಿದ್ರು ಅಕ್ಕ?"

ನನಗೆ ಸಿಟ್ಟು ಬಂದಿತ್ತು. ಇಬ್ಬರ ಮೇಲೂ ಬಂದಿತ್ತು. ಯಂಕಣ್ಣನವರನ್ನೇ ನೋಡುತ್ತ ತುಳುವಿನಲ್ಲಿ ಹೇಳಿದೆ.

"ಇಜ್ಜಿ. ಇಲ್ಲ ಅಂತ."

ಯಂಕಣ್ಣನವರು ಅಲ್ಲ ಎನ್ನಬಹುದಿತ್ತು. ನೀನು ಯಾರು ನಡುವೆ ಬರಲಿಕ್ಕೆ ಎಂದು ನನ್ನನ್ನು ಬಯ್ಯಬಹುದಿತ್ತು. ಅವರು ತಲೆ ತಗ್ಗಿಸಿ ತಮ್ಮ ಮೊಣಕಾಲನ್ನು ನೋಡಿಕೊಂಡರು.

ಗುರುವಪ್ಪ ಆಮೇಲೆ ಕೂತು, ಶರಬತ್ತಿನ ಲೋಟ ಎತ್ತಿ ಪೂರ್ತಿ ಕುಡಿದು ಕೆಳಗಿಟ್ಟ. "ಆಯ್ತು ಧಣಿ," ಎಂದ. "ಒಂದು ಉಪಕಾರ ಆಗ್ಬೇಕು. ಆ ಕಿಟ್ಟುವಿನ ಕೆಲಸ ನಾನೇ ಬಿಡಿಸಿದ್ದು. ಅವನಿಗೆ ಕಲ್ಯಾಣದಲ್ಲಿ ಒಂದು ಜಾಗ ಕೊಡಿ."

"ಆಯ್ತು. ಸೋಮವಾರ ಬರ್ಲಿಕ್ಕೆ ಹೇಳು," ಎಂದರು ಯಂಕಣ್ಣನವರು. ಮಾತು ಮುಗಿಯುವ ಮೊದಲೇ ಬಂದ ಉತ್ತರ. ಆ ಉತ್ತರದ ವೇಗ ಅವರಿಗೇ ಆಶ್ಚರ್ಯವಾಗಿರಬೇಕು. ತಲೆ ಎತ್ತಿ, ಮೊದಲ ಸಲ ಅವನ ಮುಖ ನೋಡಿ, ಸ್ವಲ್ಪ ಜೋರಾಗಿಯೇ ಕೇಳಿದರು: "ಹೀಗೆ ಮೊದಲೇ ಕೇಳ್ಲಿಕ್ಕೆ ನಿನಗೆ ಎಂತ ಆಗಿತ್ತು ಗುರುವ? ಸಮಿತ್ ಕಾಲೇಜಿಗೆ ಹೋಗ್ತಾ ಇರುವಾಗ ಎಲ್ಲ ನನ್ನ ಕೈಯಲ್ಲೇ ಇತ್ತು. ಆಗ ಕೇಳಿದ್ರೆ ಕೊಡ್ತಿದ್ದೆ ಮಾರಾಯ. ನಿನಗೆ ಬೇಡವೇನೋ, ಗಲ್ಲಾದಲ್ಲೇ ಸುಖವಾಗಿದ್ದಿ ಅಂತ ತಿಳ್ಕೊಂಡೆ. ಈಗ ಅವನು ಮೊಬೈಲಿನವರ ಒಟ್ಟಿಗೆ ಕರಾರು ಮಾಡಿ ಆಗಿದೆ."

ಅದು ನಿಜವೋ, ಆ ಹೊತ್ತಿನ ಸಂಕಟಕ್ಕೆ ಬಾಯಿಗೆ ಬಂದದ್ದೋ, ನನಗೆ ಈಗಲೂ ಗೊತ್ತಿಲ್ಲ. ಧಣಿಗಳು ಕೊಡಲಾರದ ಹೊತ್ತಿನಲ್ಲಿ ಕೊಡುತ್ತಿದ್ದೆ ಎನ್ನುವುದು ಹೊಸದೇನಲ್ಲ. ಗುರುವಪ್ಪ ಕೈ ಮುಗಿದ. ಬಾಗಿಯಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು, ಅವಳಿಗೂ ಮುಗಿದ.

ಲಿಫ್ಟಿಗೆ ಕಾಯದೆ ನಾವು ಮೆಟ್ಟಿಲು ಇಳಿದೆವು. ನಾನು ಅವನಿಗೆ ಏನಾದರೂ ಹೇಳಬೇಕೆಂದು ಮಾತು ಹುಡುಕುತ್ತಿದ್ದೆ. ಅವನೇ ನಡುವೆ ನಿಂತು, ಕಂಬಿ ಹಿಡಿದುಕೊಂಡು, ಮೇಲೆ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಆದರೆ ಮುಖ ಅಳುವವನದ್ದಾಗಿರಲಿಲ್ಲ. ಅದರಲ್ಲಿ ಇದ್ದದ್ದು ಹೆಮ್ಮೆ, ನಾನು ತಪ್ಪಾಗಿ ನೋಡಿರಲಿಲ್ಲ.

"ಕೇಳಿದ್ರಾ ಅಕ್ಕ?" ಎಂದ. "ಕೊಡ್ತಿದ್ರಂತೆ."

ನಾನು ಹೌದು ಎಂದು ತಲೆಯಾಡಿಸಿದೆ. ಅವನು ಮುಖ ಒರೆಸಿಕೊಂಡು ಕೆಳಗಿಳಿದು, ಸಂಜೆಯ ತಿಂಡಿಗೆ ಹೊತ್ತಾಯಿತೆಂದು ಹೋಟೆಲಿನ ಕಡೆಗೆ ಬೇಗ ಬೇಗ ನಡೆದ.